ಹಳಿ ದಾಟುವವರನ್ನು ಎಣಿಸುವ ಮಾಸುಮಾಬಿ

ಶನಿವಾರ, ಬೆಳಗಿನ ಐದೂಮುಕ್ಕಾಲು. ಬಳ್ಳಾರಿಯ ಬನ್ನಿಗಿಡದ ಓಣಿ ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಓಣಿಯ ಕೊನೆಗೆ ರೈಲು ಹಳಿಯ ಗೋಡೆ, ಗೋಡೆಯಲ್ಲೊಂದು ಒಡಕು, ಒಡಕಿನಾಚೆ ಎರಡು ಜೋಡಿ ಹಳಿ, ಅದರಾಚೆ ಜೀನ್ಸ್ ಹೊಲಿಯುವ ಶೆಡ್ಡುಗಳ ಸಾಲು. ಒಡಕಿನ ಈಚೆ ಗಂಗಕ್ಕನ ಮಂಡಕ್ಕಿ ಒಗ್ಗಾಣಿ–ಮಿರ್ಚಿ ಬಂಡಿಯಲ್ಲಿ ಸ್ಟೋವ್ ಹೊತ್ತಿಕೊಂಡಿದೆ. ಬಂಡಿಯ ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ನಲವತ್ತೊಂಬತ್ತರ ಮಾಸುಮಾಬಿ ಕೂತಿದ್ದಾರೆ. ತೊಡೆಯ ಮೇಲೆ ಹೊಸ ಜೀನ್ಸ್ ಪ್ಯಾಂಟು, ಬಲಗೈಯಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ. ಈ ಓಣಿಯ ನೂರಾರು ಹೆಂಗಸರು ಹೊಲಿದ ಪ್ಯಾಂಟಿನ ಜೋತಾಡುವ ದಾರ ಕತ್ತರಿಸಿ ದಿನ ದೂಡುತ್ತಾರೆ. ನೋಡಿದವರು ಇವರೂ ಅವರಲ್ಲೊಬ್ಬರು ಅಂದುಕೊಳ್ಳಬೇಕು. ಅಂದುಕೊಳ್ಳಲಿ ಎಂದೇ ಮಾಸುಮಾಬಿ ಹೀಗೆ ಕೂತಿದ್ದಾರೆ.

ನಿಜವಾದ ಕೆಲಸ ಪ್ಯಾಂಟಿನ ಕೆಳಗಿದೆ. ಅಲ್ಲಿ ಎರಡು ಜೊತೆ ಸ್ಟೀಲ್ ಬಟ್ಟಲುಗಳಿವೆ. ಒಂದು ಜೊತೆಯಲ್ಲಿ ಜೀನ್ಸಿನ ಹಿತ್ತಾಳೆ ಗುಂಡಿ, ಇನ್ನೊಂದರಲ್ಲಿ ಅಂಗಿಯ ಬಿಳಿ ಗುಂಡಿ. ಸೈಕಲ್ಲೊಂದು ಹಳಿ ದಾಟಿದರೆ ಒಂದು ಹಿತ್ತಾಳೆ ಗುಂಡಿ ಬಲಗಡೆಯ ಬಟ್ಟಲಿನಿಂದ ಎಡಗಡೆಯದಕ್ಕೆ ಹೋಗುತ್ತದೆ. ಬರಿಗಾಲಲ್ಲೋ ಚಪ್ಪಲಿಯಲ್ಲೋ ನಡೆದು ದಾಟಿದವರಿಗೆ ಬಿಳಿ ಗುಂಡಿ. ಹದಿನೈದು ನಿಮಿಷಕ್ಕೊಮ್ಮೆ ಗುಂಡಿ ಎಣಿಸಿ, ಗೋಣಿಚೀಲದಡಿಯ ಹಾಳೆಯಲ್ಲಿ ಬರೆದು, ಬಟ್ಟಲು ಖಾಲಿ ಮಾಡಿ ಮತ್ತೆ ಮೊದಲಿನಿಂದ ಶುರು. ಬೆಳಗಿನ ಆರರಿಂದ ಸಂಜೆ ಆರರ ತನಕ ಹಾಳೆಯಲ್ಲಿ ನಲವತ್ತೆಂಟು ಸಾಲು ತುಂಬಬೇಕು.

ಆರಕ್ಕೆ ಮೂರು ನಿಮಿಷ ಇರುವಾಗ ಇಬ್ಬರು ಸೈಕಲ್ ಹೆಗಲಿಗೇರಿಸಿಕೊಂಡು ಒಡಕಿನಲ್ಲಿ ನುಗ್ಗಿ ಹಳಿ ದಾಟುತ್ತಾರೆ. ಮಾಸುಮಾಬಿ ಮೊಬೈಲಿನ ಗಡಿಯಾರ ನೋಡಿ ತುಟಿ ಕಚ್ಚುತ್ತಾರೆ. ಆರಕ್ಕೆ ಮೊದಲು ದಾಟಿದವರು ಲೆಕ್ಕಕ್ಕಿಲ್ಲ. "ಮೂರು ನಿಮಿಷ ತಡದಿದ್ರ ಇವ್ರಿಗೆ ಏನ್ ಹೋಗ್ತಿತ್ತು. ಎರಡು ಸೈಕಲ್ ಸುಮ್ನ ಹೋದ್ವು" ಎಂದು ತಮ್ಮಷ್ಟಕ್ಕೆ ಗೊಣಗುತ್ತಾರೆ. ಎರಡು ಸೈಕಲ್ಲಿಗೆ ಇಷ್ಟು ಹೊಟ್ಟೆ ಉರಿಸಿಕೊಳ್ಳುವವರನ್ನು ನೀವು ನೋಡಿರಲಿಕ್ಕಿಲ್ಲ. ಆದರೆ ಈ ವಾರ ಇಲ್ಲಿ ಒಂದೊಂದು ಸೈಕಲ್ಲಿಗೂ ಬೆಲೆಯಿದೆ.

ವಿಷಯ ಇಷ್ಟೆ. ಇಲ್ಲಿ ಹಿಂದೆ ಒಂದು ರೈಲ್ವೆ ಗೇಟು ಇತ್ತು. ಗೇಟು ಮುಚ್ಚಿ ಗೋಡೆ ಎದ್ದಿತು, ಗೋಡೆಗೆ ವರ್ಷದೊಳಗೆ ಒಡಕು ಬಿತ್ತು. ಸುತ್ತಿ ಹೋದರೆ ಶೆಡ್ಡುಗಳಿಗೆ ಮೂರು ಕಿಲೋಮೀಟರು, ಒಡಕಿನಲ್ಲಿ ನುಗ್ಗಿದರೆ ಅರವತ್ತು ಹೆಜ್ಜೆ. ಈಗ ಇಲ್ಲೊಂದು ಮೇಲುಸೇತುವೆ ಕಟ್ಟುವ ಯೋಜನೆ ತಯಾರಾಗುತ್ತಿದೆ. ನಡೆಯುವವರಿಗಂತೂ ಮೆಟ್ಟಿಲು ಖಚಿತ. ಸೈಕಲ್ ತಳ್ಳಿಕೊಂಡು ಹತ್ತಲು ಉದ್ದನೆಯ ಇಳಿಜಾರು ಬೇಕೋ ಬೇಡವೋ ಎನ್ನುವುದನ್ನು ಮಾತ್ರ ಎಣಿಕೆ ತೀರ್ಮಾನಿಸಬೇಕು. ಮೂರು ದಿನದ ಸರಾಸರಿ ತೆಗೆದಾಗ ಹನ್ನೆರಡು ತಾಸಿನಲ್ಲಿ ಐನೂರು ಸೈಕಲ್ ದಾಟಿರಬೇಕು. ಕಡಿಮೆಯಾದರೆ ಬರೀ ಮೆಟ್ಟಿಲು.

ಬರೀ ಮೆಟ್ಟಿಲಾದರೆ ಏನಾಗುತ್ತದೆ ಎಂದು ಮಾಸುಮಾಬಿಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಂದು ಊರಿನಲ್ಲಿ ಅಂಥದೊಂದು ಸೇತುವೆಯ ಕೆಳಗೆ ಎರಡು ದಿನ ಕೂತು ಬಂದವರು ಅವರು. "ಮ್ಯಾಲೆ ಬ್ರಿಡ್ಜು ಖಾಲಿ, ಕೆಳಗ ಮಂದಿ ಸೈಕಲ್ ಹೊತ್ಕೊಂಡು ಹಳಿ ದಾಟ್ತಿದ್ರು. ಇಪ್ಪತ್ತೈದು ಪ್ಯಾಂಟಿನ ಬಂಡಲ್ ಕಟ್ಟಿದ ಸೈಕಲ್ ಹೊತ್ತು ಐವತ್ತು ಮೆಟ್ಲ ಯಾರು ಹತ್ತತಾರ್ರಿ? ಹಳೀನ ಸಸಾರ ಅನ್ನಸ್ತೈತಿ" ಎನ್ನುತ್ತಾರೆ. ಇಪ್ಪತ್ತೈದು ಎಂಬ ಅಂಕಿ ಅವರ ಬಾಯಿಗೆ ಸುಮ್ಮನೆ ಬಂದದ್ದಲ್ಲ. ಅವರ ಒಬ್ಬಳೇ ಮಗಳು ಹುಮೇರಾ ದಿನಾ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಅಷ್ಟೇ ಪ್ಯಾಂಟು ಕಟ್ಟಿಕೊಂಡು ಇದೇ ಒಡಕಿನಲ್ಲಿ ಶೆಡ್ಡಿಗೆ ಹೋಗುತ್ತಾಳೆ.

ಬಂಡಿಯ ಹಿಂದೆ ತಾಡಪತ್ರಿಯ ಮರೆಯಲ್ಲಿ ಇವತ್ತು ಇನ್ನೊಬ್ಬರಿದ್ದಾರೆ. ಮೊರದ ಮುಂದೆ ಕೂತು ಬೆಳ್ಳುಳ್ಳಿ ಸುಲಿಯುತ್ತಿರುವ ಈ ಯುವಕ ಕುರುಗೋಡಿನ ಜಂಬುನಾಥ, ಎಣಿಕೆಯ ಗುತ್ತಿಗೆ ಹಿಡಿದ ಖಾಸಗಿ ಸಂಸ್ಥೆಯ ಎಂಜಿನಿಯರು. ಗರಿಗರಿ ಅಂಗಿ, ಬೂಟು ಹಾಕಿಕೊಂಡು ಬಂದವರನ್ನು ಮಾಸುಮಾಬಿ ತಾವೇ ವಾಪಸು ಕಳಿಸಿ, ಹಳೇ ಟೀಶರ್ಟು, ಹವಾಯಿ ಚಪ್ಪಲಿಯಲ್ಲಿ ಕರೆಸಿಕೊಂಡಿದ್ದಾರೆ. ಅವರೂ ಗುಟ್ಟಾಗಿ ಎಣಿಸುತ್ತಿದ್ದಾರೆ. ಮಾಸುಮಾಬಿಯ ಲೆಕ್ಕವನ್ನು ತಾಳೆ ನೋಡಲಿಕ್ಕೆಂದೇ ಆಫೀಸು ಅವರನ್ನು ಕಳಿಸಿದೆ. ಹನ್ನೊಂದು ವರ್ಷದಲ್ಲಿ ಮಾಸುಮಾಬಿಯ ಲೆಕ್ಕದ ಮೇಲೆ ಅನುಮಾನ ಬಂದದ್ದು ಇದೇ ಮೊದಲು. ಅದಕ್ಕೇ ರಾತ್ರಿ ಊಟ ಸೇರಿಲ್ಲ, ಬೆಳಿಗ್ಗೆ ಚಹಾ ಮುಟ್ಟಿಲ್ಲ.

ಮಾಸುಮಾಬಿ ಹುಟ್ಟಿದ್ದು ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯಲ್ಲಿ. ಕನ್ನಡ ಶಾಲೆಯಲ್ಲಿ ಏಳನೇ ತರಗತಿ. ಗಂಡ ಕರೀಮಸಾಬ್ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ, ಶುಕ್ರವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಮದುವೆಯಾಗಿ ಬಳ್ಳಾರಿಗೆ ಬಂದ ಮೇಲೆ ಹದಿನಾಲ್ಕು ವರ್ಷ ಜೀನ್ಸಿಗೆ ಬೆಲ್ಟಿನ ಕುಣಿಕೆ ಹೊಲಿದರು. ಬೆನ್ನು ಕೈಕೊಟ್ಟಿತು. ಆಗಲೇ ಸಿರುಗುಪ್ಪ ರಸ್ತೆಯಲ್ಲಿ ಲಾರಿ ಎಣಿಸಲು ಜನ ಬೇಕೆಂದು ಯಾರೋ ಕರೆದರು. ಎರಡು ದಿನದ ಕೆಲಸ ಎಂದು ಹೋದವರು ಹನ್ನೊಂದು ವರ್ಷದಿಂದ ಎಣಿಸುತ್ತಲೇ ಇದ್ದಾರೆ.

ರಸ್ತೆ ಅಗಲವಾಗುವ ಮೊದಲು, ಸೇತುವೆ ಏಳುವ ಮೊದಲು, ದಾರಿಬದಿಯಲ್ಲಿ ಹೀಗೆ ಒಬ್ಬರು ಹಾಳೆ ಸಿಕ್ಕಿಸಿದ ರಟ್ಟು ಹಿಡಿದು ಕೂತಿರುತ್ತಾರೆ ಎಂಬುದು ನಮಗ್ಯಾರಿಗೂ ಹೊಳೆಯುವುದಿಲ್ಲ. ಉದ್ಘಾಟನೆಯ ಕಲ್ಲಿನ ಮೇಲೆ ಇಂಥವರ ಹೆಸರು ಕೆತ್ತುವ ಪದ್ಧತಿ ನಮ್ಮಲ್ಲಿಲ್ಲ, ಊಟಕ್ಕೆ ಕರೆಯುವ ಪದ್ಧತಿಯೂ ಇಲ್ಲ. ಭತ್ತದ ಸುಗ್ಗಿಯಲ್ಲಿ ಮಾಸುಮಾಬಿ ಸಿರುಗುಪ್ಪದ ಹೊರಗೆ ಒಂದೇ ದಿನ ಎರಡು ಸಾವಿರದ ಮುನ್ನೂರು ಲಾರಿ ಎಣಿಸಿದ್ದಾರೆ, ಹತ್ತು ಗಾಲಿಯದು ಬೇರೆ, ಹನ್ನೆರಡು ಗಾಲಿಯದು ಬೇರೆ. ರೂಪನಗುಡಿ ಕಡೆಯ ದಾರಿಯಲ್ಲಿ ಗಾಳಿಗೆ ಹಾಳೆ ಹಾರಿ, ಅದರ ಹಿಂದೆ ಹೊಲದಲ್ಲಿ ಓಡಿದ್ದಾರೆ. ಕುರುಗೋಡಿನಲ್ಲಿ ಟ್ರ್ಯಾಕ್ಟರು, ಎತ್ತಿನ ಬಂಡಿ ಎಣಿಸುವಾಗ ಬಂಡಿಯ ಹಿಂದೆ ಕಟ್ಟಿದ್ದ ಕರುವನ್ನು ಬರೆಯಬೇಕೋ ಬೇಡವೋ ತಿಳಿಯದೆ ಅರ್ಧ ದಿನ ಕೊರಗಿದ್ದಾರೆ. ಕೊನೆಗೆ ಹಾಳೆಯ ಅಂಚಿನಲ್ಲಿ 'ಕರು, ಒಂದು' ಎಂದು ಬರೆದು ಕೊಟ್ಟರಂತೆ. ಆಫೀಸಿನಲ್ಲಿ ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಆದರೆ ಅಂದಿನಿಂದ ಕಷ್ಟದ ಜಾಗಕ್ಕೆಲ್ಲ ಇವರನ್ನೇ ಕಳಿಸತೊಡಗಿದರು.

ನಗುವಂಥದ್ದಲ್ಲದ ಕಷ್ಟಗಳೂ ಇವೆ. ಒಂದೊಂದು ಜಾಗಕ್ಕೆ ಇಬ್ಬರಿರಬೇಕು ಎಂಬುದು ನಿಯಮ, ಬರುವುದು ಒಬ್ಬರೇ. ಹನ್ನೆರಡು ತಾಸು ಜಾಗ ಬಿಟ್ಟು ಏಳುವಂತಿಲ್ಲ. ಹಾಗಾಗಿ ಎಣಿಕೆಯ ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಬಳ್ಳಾರಿಯ ಬಿಸಿಲಿನಲ್ಲಿ ನೀರು ಬಿಟ್ಟು ಕೂತು ಎರಡು ಸಲ ಮೂತ್ರದ ಉರಿಯಿಂದ ಆಸ್ಪತ್ರೆ ಸೇರಿದ್ದಾರೆ. "ಗಂಡಸ್ರು ಗೋಡಿ ನೋಡ್ತಾರ. ನಾವು ಎಲ್ಲಿ ನೋಡಾಣ" ಎಂದು ಕೇಳುತ್ತಾರೆ. ಈ ಹಳಿಯ ಪಕ್ಕ ಮಾತ್ರ ಒಂದು ಅನುಕೂಲವಿದೆ. ಅದಿರು ಹೊತ್ತ ಗೂಡ್ಸ್ ಗಾಡಿ ಬಂದರೆ ಅದು ಹೋಗುವವರೆಗೆ ಯಾರೂ ದಾಟಲಾರರು. ಆ ನಾಲ್ಕೈದು ನಿಮಿಷದಲ್ಲಿ ಮಾಸುಮಾಬಿ ಮನೆಗೆ ಓಡಿ ಬರುತ್ತಾರೆ. ಅದಕ್ಕೆ ಗಂಗಕ್ಕ ಇಟ್ಟಿರುವ ಹೆಸರು 'ಗೂಡ್ಸ್ ರಜೆ'.

ಇನ್ನು ಅನುಮಾನದ ಕಥೆ. ಅದು ಮಂಗಳವಾರ, ಎಣಿಕೆಯ ಮೊದಲ ದಿನ ಹುಟ್ಟಿಕೊಂಡಿತು. ಆ ದಿನಕ್ಕೆಂದು ಸಂಸ್ಥೆ ಮಾಸುಮಾಬಿಗೆ ಕಿತ್ತಳೆ ಬಣ್ಣದ ಜಾಕೆಟ್ಟು ಕೊಟ್ಟಿತ್ತು. ಹನ್ನೊಂದು ವರ್ಷದಲ್ಲಿ ಅವರಿಗೆ ಸಿಕ್ಕ ಮೊದಲ ಗುರುತು ಅದು. ಹಿಂದಿನ ದಿನ ಇಸ್ತ್ರಿ ಮಾಡಿಸಿ, ಮೈಗೆ ಹಾಕಿಕೊಂಡು, ಮಗಳಿಂದ ಮೊಬೈಲಿನಲ್ಲಿ ಫೋಟೊ ತೆಗೆಸಿಕೊಂಡರು. ಮಂಗಳವಾರ ಅದನ್ನು ತೊಟ್ಟು, ರಟ್ಟು ಮುಂದಿಟ್ಟುಕೊಂಡು ಒಡಕಿನ ಎದುರಿಗೇ ಕುರ್ಚಿ ಹಾಕಿ ಕೂತರು. ಸಂಜೆ ಆರಕ್ಕೆ ಒಟ್ಟು ಹಾಕಿದಾಗ ಸೈಕಲ್ಲು ನೂರಾ ನಲವತ್ತಮೂರು.

ಇದೇ ಓಣಿಯಲ್ಲಿ ಇಪ್ಪತ್ತಾರು ವರ್ಷ ಬಾಳಿದವರಿಗೆ ಇಲ್ಲಿ ಎಷ್ಟು ಸೈಕಲ್ ದಾಟುತ್ತವೆ ಎಂಬ ಅಂದಾಜು ಇಲ್ಲದೆ ಇರುತ್ತದೆಯೇ? ಆದರೆ ಕಣ್ಣಿಗೆ ಕಂಡದ್ದು ಅಷ್ಟೇ. ಎರಡು ಸಲ ಕೂಡಿಸಿದರು, ಮೂರು ಸಲ ಕೂಡಿಸಿದರು. ನೂರಾ ನಲವತ್ತಮೂರು ನೂರಾ ನಲವತ್ತಮೂರಾಗಿಯೇ ಉಳಿಯಿತು.

ಬಂಡಿ ತೊಳೆಯುತ್ತಿದ್ದ ಗಂಗಕ್ಕ ಸಂಗತಿ ಕೇಳಿ ದಾರಿಯೊಂದನ್ನು ತೋರಿಸಿದರು. "ಪೆನ್ನು ನಿನ್ನ ಕೈಯಾಗೈತಿ ಮಾಸುಮಾ. ಇನ್ನೊಂದಿಷ್ಟು ಗೀಟು ಎಳಿ. ಓಣಿಗೆ ಒಳ್ಳೇದಾಗ್ತೈತಿ, ಯಾರ ಗಂಟು ಹೋಗ್ತೈತಿ?"

"ಇವತ್ತು ನಮಗಂತ ಜಾಸ್ತಿ ಎಳದ್ರ ನಾಳೆ ಇನ್ಯಾರೋ ಹೇಳಿದ್ರಂತ ಕಮ್ಮಿ ಎಳೀಬೇಕಾಗ್ತೈತಿ ಗಂಗಕ್ಕ. ಆಮ್ಯಾಲೆ ನನ್ನ ಹಾಳಿ ಯಾರು ನಂಬ್ತಾರ?" ಎಂದರು ಮಾಸುಮಾಬಿ. ನೂರಾ ನಲವತ್ತಮೂರು ಎಂದೇ ಬರೆದು, ಸಹಿ ಹಾಕಿ, ಹಾಳೆ ಕಳಿಸಿದರು. ಕಳಿಸಿದ ಮೇಲೆ ಗೋಡೆಗೆ ಒರಗಿ ಕೂತು ಅತ್ತರಂತೆ. ಇದನ್ನು ಹೇಳಿದ್ದು ಗಂಗಕ್ಕ, ಮಾಸುಮಾಬಿ ಒಪ್ಪಿಕೊಳ್ಳುವುದಿಲ್ಲ.

ಗುಟ್ಟು ಬಿಚ್ಚಿದವಳು ಹುಮೇರಾ. ಬುಧವಾರ ಶೆಡ್ಡಿನಿಂದ ಬಂದವಳು ನಗಬೇಕೋ ಅಳಬೇಕೋ ತಿಳಿಯದ ಮುಖದಲ್ಲಿ ಹೇಳಿದಳು. "ಅಮ್ಮೀ, ನಿನ್ನೆ ಶೆಡ್ನಾಗ ಅರ್ಧ ಮಂದಿ ತಡಾ ಮಾಡಿ ಬಂದಾರ. ಯಾಕಂತ ಕೇಳಿದ್ರ, ಒಡಕಿನ ಹಂತ್ಯಾಕ ಕಿತ್ತಳಿ ಜಾಕೆಟ್ಟಿನಾಕಿ ಹೆಸರು ಬರಕೊಳ್ಳಾಕತ್ತ್ಯಾಳ, ದಂಡ ಹಾಕ್ತಾರ, ಅದಕ್ಕ ಸುತ್ತಿ ಬಂದ್ವಿ ಅಂತಾರ. ಅವರೆಲ್ಲ ನಿನ್ನ ನೋಡಿ ಓಡಿದಾರ."

ಹಿಂದಿನ ತಿಂಗಳು ಹಳಿ ದಾಟಿದ್ದಕ್ಕೆ ನಾಲ್ವರಿಗೆ ದಂಡ ಬಿದ್ದಿತ್ತು. ಆ ಹೆದರಿಕೆ ಇನ್ನೂ ಆರಿರಲಿಲ್ಲ. ಅದರ ಮಧ್ಯೆ ಕಿತ್ತಳೆ ಜಾಕೆಟ್ಟು ತೊಟ್ಟು, ಪೆನ್ನು ಹಿಡಿದು, ಒಡಕಿನ ಬಾಯಿಗೇ ಕುರ್ಚಿ ಹಾಕಿ ಕೂತರೆ ಯಾವ ಸೈಕಲ್ಲಿನವರು ಹತ್ತಿರ ಬರುತ್ತಾರೆ? ದೂರದಿಂದಲೇ ಕಂಡು ಸೈಕಲ್ ತಿರುಗಿಸಿ ಮೂರು ಕಿಲೋಮೀಟರು ಸುತ್ತಿದ್ದಾರೆ. ಎಣಿಸಲು ಹೋಗಿ ಮಾಸುಮಾಬಿ ತಾವೇ ಎಣಿಕೆಯನ್ನು ಓಡಿಸಿದ್ದರು. "ಆ ಜಾಕೆಟ್ ಹಾಕ್ಕೊಳ್ಳೋ ಆಸೆ ನಂದ. ಯಾರೂ ಹಾಕ್ಕೊ ಅಂತ ಜುಲುಮಿ ಮಾಡಿದ್ದಿಲ್ಲ" ಎಂದು ಈಗಲೂ ತಲೆ ತಗ್ಗಿಸಿ ಹೇಳುತ್ತಾರೆ.

ಗುರುವಾರ, ಎರಡನೇ ದಿನ, ಜಾಕೆಟ್ಟು ಟ್ರಂಕಿನಲ್ಲಿ ಉಳಿಯಿತು. ಮಗಳ ಶೆಡ್ಡಿನಿಂದ ಗುಂಡಿ ತರಿಸಿಕೊಂಡರು, ತೊಡೆಯ ಮೇಲೆ ಪ್ಯಾಂಟು ಹರಡಿಕೊಂಡರು, ಬಂಡಿಯ ಪಕ್ಕ ಕೂತರು. ಆ ಸಂಜೆ ಸೈಕಲ್ಲು ಆರುನೂರಾ ಹದಿನೆಂಟು.

ಖುಷಿಪಡುವ ಹಾಗಿರಲಿಲ್ಲ. ಆಫೀಸಿನಲ್ಲಿ ಎರಡು ಹಾಳೆ ಪಕ್ಕಪಕ್ಕ ಇಟ್ಟು ನೋಡಿದವರ ಹುಬ್ಬು ಮೇಲೇರಿತು. ಮಂಗಳವಾರ ನೂರಾ ನಲವತ್ತಮೂರು, ಗುರುವಾರ ಆರುನೂರಾ ಹದಿನೆಂಟು. ಎಣಿಸಿದವರ ಮನೆ ಅದೇ ಓಣಿಯಲ್ಲಿ. ಎರಡು ದಿನದಲ್ಲಿ ಸೈಕಲ್ಲು ಮರಿ ಹಾಕಿದವೇ ಎಂದು ಯಾರೋ ಕೇಳಿದರಂತೆ. ಮಾತು ಫೋನಿನಲ್ಲಿ ಮಾಸುಮಾಬಿಯ ಕಿವಿಗೂ ಬಿತ್ತು. ಶನಿವಾರ ಎಂಜಿನಿಯರು ಬಂದು ಕೂತದ್ದು ಈ ಕಾರಣಕ್ಕೆ.

ಈಗ ಶನಿವಾರ ಎಂಟೂವರೆ. ಶೆಡ್ಡುಗಳ ಹೊತ್ತು. ಹಿತ್ತಾಳೆ ಗುಂಡಿಗಳು ಬಿಡುವಿಲ್ಲದೆ ಬಟ್ಟಲು ಬದಲಿಸುತ್ತಿವೆ. ಒಬ್ಬ ಒಡಕಿನ ಮುಂದೆ ಹೆಂಡತಿಯನ್ನು ಇಳಿಸಿ, ಸೈಕಲ್ ಹೊತ್ತು ದಾಟಿ, ಆಚೆ ಮತ್ತೆ ಕೂರಿಸಿಕೊಳ್ಳುತ್ತಾನೆ. ಅವನಿಗೊಂದು ಹಿತ್ತಾಳೆ, ಆಕೆಗೊಂದು ಬಿಳಿ. ಮಾಸುಮಾಬಿಯ ಕಣ್ಣು ಪ್ಯಾಂಟಿನ ಮೇಲಿದ್ದಂತೆ ಕಾಣುತ್ತದೆ, ಕತ್ತರಿಯೂ ಆಡುತ್ತದೆ. ಆದರೆ ಎಂಟೂಮುಕ್ಕಾಲು ಹತ್ತಿರವಾದಂತೆ ಅವರ ಕತ್ತು ಮತ್ತೆ ಮತ್ತೆ ಓಣಿಯ ಕಡೆ ತಿರುಗುತ್ತದೆ. ದಿನಾ ಈ ಹೊತ್ತಿಗೆ ಅವರಿಗೆ ಹೀಗೇ.

ಅದಿರಿನ ಗೂಡ್ಸ್ ಗಾಡಿಯೊಂದು ಸದ್ದು ಮಾಡುತ್ತ ಈಚೆಯ ಹಳಿಗೆ ಬರುತ್ತದೆ. ಗೂಡ್ಸ್ ರಜೆ ಸಿಕ್ಕಿತೆಂದು ಮಾಸುಮಾಬಿ ಮಂಡಿಗೆ ಕೈ ಊರಿ ಏಳುತ್ತಾರೆ. ಆದರೆ ಗಾಡಿ ಹೋಗುವುದಿಲ್ಲ. ಚಕ್ರಗಳು ಕಿರುಗುಟ್ಟಿ ಒಡಕಿಗೆ ಅಡ್ಡಲಾಗಿ ನಿಲ್ಲುತ್ತವೆ. ಮುಂದೆ ಸಿಗ್ನಲ್ ಬಿದ್ದಿಲ್ಲ. ಮಾಸುಮಾಬಿ ಎದ್ದಷ್ಟೇ ಬೇಗ ಕೂರುತ್ತಾರೆ. ನಿಂತ ಗಾಡಿ ಎಂದರೆ ಏನೆಂದು ಅವರಿಗೆ ಗೊತ್ತು.

ಐದು ನಿಮಿಷ ಜನ ಕಾಯುತ್ತಾರೆ. ಶೆಡ್ಡಿನ ಬಾಗಿಲಲ್ಲಿ ತಡವಾದವರ ಅರ್ಧ ದಿನ ಕತ್ತರಿಸುತ್ತಾರೆ, ಅದು ಎಲ್ಲರ ತಲೆಯಲ್ಲೂ ಇದೆ. ಮೊದಲು ಒಬ್ಬ ಎರಡು ಡಬ್ಬಿಗಳ ನಡುವಿನ ಕೊಂಡಿ ಹತ್ತಿ ಆಚೆ ಇಳಿಯುತ್ತಾನೆ. ಈಚೆಯಿಂದ ಇನ್ನೊಬ್ಬ ಸೈಕಲ್ ಎತ್ತಿ ಕೊಡುತ್ತಾನೆ. ಆಮೇಲೆ ಸಾಲು ಹತ್ತುತ್ತದೆ. ಒಂದು ಸೈಕಲ್, ಎರಡು, ಮೂರು. ತಾಡಪತ್ರಿಯ ಹಿಂದೆ ಜಂಬುನಾಥ ಎದ್ದು ನಿಂತಿದ್ದಾರೆ. ಕೈಯಲ್ಲಿನ ಬೆಳ್ಳುಳ್ಳಿ ಹಾಗೇ ಇದೆ.

ಸಾಲಿನಲ್ಲಿ ಹನ್ನೊಂದನೆಯವಳು ಹುಮೇರಾ. ಸೈಕಲ್ ಆಚೆ ದಾಟಿಸುತ್ತಾಳೆ. ತಾನೂ ಕೊಂಡಿ ಹತ್ತಿ, ಬಂಡಲನ್ನು ಎತ್ತಿಕೊಳ್ಳುವಾಗ ಅದು ಜಾರಿ ಹಳಿಗಳ ನಡುವಿನ ಜಲ್ಲಿಯ ಮೇಲೆ ಬೀಳುತ್ತದೆ. ಅವಳು ಒಂದು ಕ್ಷಣ ನೋಡಿ, ಕೆಳಗಿಳಿದು ಬಗ್ಗುತ್ತಾಳೆ. ಅದೇ ಹೊತ್ತಿಗೆ ಎಲ್ಲೋ ಮುಂದೆ ಎಂಜಿನ್ ಕೂಗುತ್ತದೆ. ಡಬ್ಬಿಯಿಂದ ಡಬ್ಬಿಗೆ ಕಬ್ಬಿಣ ಬಡಿಯುವ ಸದ್ದು ಸಾಲಾಗಿ ಓಡಿ ಬರುತ್ತದೆ.

ಗಂಗಕ್ಕನ ಕೈಯಿಂದ ಮಿರ್ಚಿ ಎತ್ತುವ ಜಾಲರಿ ಬಿದ್ದು ಹೋಗುತ್ತದೆ. ಆಚೆಯಿಂದ ಒಂದು ಕೈ ಹುಮೇರಾಳ ತೋಳು ಹಿಡಿದು ಎಳೆಯುತ್ತದೆ. ಗಾಡಿ ಒಮ್ಮೆ ಜಗ್ಗಿ, ಎರಡಡಿ ಸರಿದು, ಮತ್ತೆ ನಿಲ್ಲುತ್ತದೆ. ಆಚೆ ಕಡೆ ಡಬ್ಬಿಗಳ ಸಂದಿಯಲ್ಲಿ ಹುಮೇರಾಳ ಹಳದಿ ಓಢಣಿ ಕಾಣುತ್ತದೆ. ಉಳಿದವರು ಇಷ್ಟಾದ ಮೇಲೆ ಹೆದರಿ ನಿಲ್ಲಬೇಕಿತ್ತು. ಎರಡು ನಿಮಿಷವೂ ಕಳೆಯದೆ ಹನ್ನೆರಡನೆಯವನು ಸೈಕಲ್ ಎತ್ತುತ್ತಾನೆ. ಗಾಡಿ ನಿಜವಾಗಿ ಹೊರಡುವುದರೊಳಗೆ ಇನ್ನೂ ಆರು ಸೈಕಲ್ಲು ದಾಟುತ್ತವೆ. ಗಾಡಿ ಹೋದ ಮೇಲೆ ಹುಮೇರಾ ವಾಪಸು ಬಂದು, ಹಳಿಗಳ ನಡುವೆ ಬಿದ್ದಿದ್ದ ಬಂಡಲನ್ನು ಎತ್ತಿಕೊಂಡು, ಅಮ್ಮನ ಕಡೆಗೊಮ್ಮೆ ಕೈಯಾಡಿಸಿ ಓಡುತ್ತಾಳೆ.

ಮಾಸುಮಾಬಿ ಕೂತಲ್ಲೇ ಕೂತಿದ್ದಾರೆ. ಗಂಗಕ್ಕ ನೀರಿನ ಚೊಂಬು ಹಿಡಿದರೆ ಬೇಡವೆಂದು ತಲೆಯಾಡಿಸುತ್ತಾರೆ.

ಸಂಜೆ ಆರಕ್ಕೆ ಎರಡು ಹಾಳೆಗಳನ್ನು ಬಂಡಿಯ ಮೇಲೆ ಹರಡುತ್ತಾರೆ. ಜಂಬುನಾಥರ ಲೆಕ್ಕ ಐನೂರಾ ಎಂಬತ್ತೇಳು. ಮಾಸುಮಾಬಿಯದು ಆರುನೂರಾ ನಾಲ್ಕು. ಹದಿನೇಳರ ವ್ಯತ್ಯಾಸ. ಸಾಲು ಸಾಲು ತಾಳೆ ನೋಡುತ್ತ ಹೋದಾಗ ಬೆಳಗಿನ ಎಂಟೂಮುಕ್ಕಾಲರಿಂದ ಒಂಬತ್ತರ ಸಾಲಿನಲ್ಲಿ ಜಂಬುನಾಥರ ಬೆರಳು ನಿಲ್ಲುತ್ತದೆ. ಅವರ ಹಾಳೆಯಲ್ಲಿ ಆ ಸಾಲು ಖಾಲಿ. ಮಾಸುಮಾಬಿಯ ಹಾಳೆಯಲ್ಲಿ ಹದಿನೇಳು.

"ನಾ ಎಣಿಸೋದು ಮರತು ನೋಡಕೋಂತ ನಿಂತಿದ್ದೆ ಅಕ್ಕಾರ" ಎನ್ನುತ್ತಾರೆ ಜಂಬುನಾಥ. "ನಿಮ್ಮ ಮಗಳು ಗಾಡಿ ಕೆಳಗಿದ್ಲು. ನೀವು ಹೆಂಗ ಎಣಿಸಿದ್ರಿ?"

"ಕೈ ಎಣಿಸಾಕತ್ತಿತ್ತು ಸಾರ. ಜೀವ ಅಲ್ಲಿತ್ತು" ಎನ್ನುತ್ತಾರೆ ಮಾಸುಮಾಬಿ. ಆಮೇಲೆ ಏನೋ ನೆನಪಾದವರಂತೆ ಸೇರಿಸುತ್ತಾರೆ. "ಬಂಡಲ್ ತಗೊಳ್ಳಾಕ ಆಕಿ ತಿರುಗಿ ಬಂದಿದ್ದು ದಾಟಿದಂಗಲ್ಲ. ಅದನ್ನ ನಾ ಹಿಡಿದಿಲ್ಲ."

ಜಂಬುನಾಥ ತಮ್ಮ ಹಾಳೆಯ ಮೇಲೆ ಅಡ್ಡಗೆರೆ ಎಳೆದು, ಮಾಸುಮಾಬಿಯ ಹಾಳೆಯ ಕೆಳಗೆ ಸಹಿ ಹಾಕುತ್ತಾರೆ.

ಇಲ್ಲಿಗೆ ಕಥೆ ಮುಗಿದರೆ ಚೆನ್ನಾಗಿತ್ತು. ಆದರೆ ಸರಾಸರಿ ಎಂಬ ಶನಿ ಬೆನ್ನು ಬಿಡಬೇಕಲ್ಲ. ನೂರಾ ನಲವತ್ತಮೂರು, ಆರುನೂರಾ ಹದಿನೆಂಟು, ಆರುನೂರಾ ನಾಲ್ಕು; ಕೂಡಿಸಿ ಮೂರರಿಂದ ಭಾಗಿಸಿದರೆ ನಾನೂರಾ ಐವತ್ತೈದು. ನಲವತ್ತೈದು ಕಡಿಮೆ. ಮೊದಲ ದಿನದ ಹಾಳೆಯನ್ನು ಕೈಬಿಟ್ಟರೆ ಮಾತ್ರ ಇಳಿಜಾರಿಗೆ ದಾರಿ. ಕೈಬಿಡಲು ಕಾರಣ ಬೇಕು, ಕಾರಣ ಬರಹದಲ್ಲಿರಬೇಕು.

ಸೋಮವಾರ ಜಂಬುನಾಥ ಮಾಸುಮಾಬಿಯ ಮನೆಗೆ ಬರುತ್ತಾರೆ. ಮೊದಲ ದಿನದ ಲೆಕ್ಕ ತಪ್ಪಾಗಿದೆ ಎಂದು ಎರಡು ಸಾಲು ಬರೆದು ಕೊಡಿ ಎನ್ನುತ್ತಾರೆ. ಮಾಸುಮಾಬಿ, "ಲೆಕ್ಕ ತಪ್ಪಿಲ್ಲ ಸಾರ. ನಾ ಕುಂತದ್ದು ತಪ್ಪು. ಅದನ್ನ ಬರದು ಕೊಡ್ತೀನಿ" ಎನ್ನುತ್ತಾರೆ.

"ಅಕ್ಕಾರ, ತಪ್ಪು ನಿಮ್ಮ ಮ್ಯಾಲೆ ಹಾಕ್ಕೊಂಡು ಬರದ್ರ ಮುಂದ ಆಫೀಸಿನ್ಯಾಗ ನಿಮ್ಮನ್ನ ಕರೀತಾರೋ ಇಲ್ಲೋ ನಾ ಹೇಳಾಕ ಬರಂಗಿಲ್ಲ" ಎಂದು ಜಂಬುನಾಥ ಎಚ್ಚರಿಸುತ್ತಾರೆ. ಜಾಕೆಟ್ಟು ಕೊಟ್ಟದ್ದು ಆಫೀಸೇ ಎಂದು ಬರೆಯಬಹುದಲ್ಲ ಎಂದು ಹುಮೇರಾ ಒಳಗಿನಿಂದ ಹೇಳುತ್ತಾಳೆ. ಮಾಸುಮಾಬಿ ಮಗಳ ಹಳೇ ನೋಟುಬುಕ್ಕಿನ ಹಾಳೆ ಹರಿದು, ನೆಲದ ಮೇಲೆ ಕೂತು, ಏಳನೇ ತರಗತಿಯ ದುಂಡಕ್ಷರದಲ್ಲಿ ಬರೆಯುತ್ತಾರೆ. 'ಮಂಗಳವಾರ 143 ಸೈಕಲ್ ದಾಟಿದ್ದು ನಿಜ. ಉಳಿದವರು ನನ್ನನ್ನು ನೋಡಿ ಹೆದರಿ ಸುತ್ತಿ ಹೋದರು. ನಾನು ಜಾಕೆಟ್ ಹಾಕಿ ಎದುರಿಗೆ ಕೂತದ್ದರಿಂದ ಹೀಗಾಗಿದೆ. ಇದರಲ್ಲಿ ಜನರ ತಪ್ಪಿಲ್ಲ.' ಕೆಳಗೆ ಹೆಸರು, ತಾರೀಖು.

ಆ ಕಾಗದ ವರದಿಯ ಜೊತೆ ಹೋಗಿ ಐದು ವಾರವಾಗಿದೆ. ಮೊದಲ ದಿನವನ್ನು ಬಿಟ್ಟು ಲೆಕ್ಕ ಹಾಕಲು ಸಂಸ್ಥೆ ಶಿಫಾರಸು ಮಾಡಿದೆ ಎಂದು ಜಂಬುನಾಥ ಹೇಳುತ್ತಾರೆ. ಒಪ್ಪುವವರು ಬೇರೆ, ಅವರು ಒಪ್ಪಿದ ಮೇಲೆ ಸಹಿ ಹಾಕಬೇಕಾದವರು ಇನ್ನೂ ಬೇರೆ. ನಕ್ಷೆಯಲ್ಲಿ ಮೆಟ್ಟಿಲನ್ನು ಶಾಯಿಯಲ್ಲಿ ಬರೆದಿದ್ದಾರೆ, ಇಳಿಜಾರನ್ನು ಸದ್ಯಕ್ಕೆ ಪೆನ್ಸಿಲಿನಲ್ಲಿ. ಈ ಐದು ವಾರದಲ್ಲಿ ಮಾಸುಮಾಬಿಗೆ ಎಣಿಕೆಯ ಕರೆ ಒಂದೂ ಬಂದಿಲ್ಲ. ಮೊಬೈಲು ಸದ್ದು ಮಾಡಿದಾಗಲೆಲ್ಲ ಕೈ ಒರೆಸಿಕೊಂಡು ಓಡಿ ನೋಡುತ್ತಾರೆ. ಈಗ ಅವರ ತೊಡೆಯ ಮೇಲಿನ ಪ್ಯಾಂಟು ವೇಷವಲ್ಲ, ದಿನದ ದುಡಿಮೆ. ಹುಮೇರಾ ದಿನಾ ಎಂಟೂಮುಕ್ಕಾಲಿಗೆ ಒಡಕಿನಲ್ಲಿ ನುಗ್ಗುತ್ತಾಳೆ, ಅವಳು ಆಚೆ ಮುಟ್ಟಿ ಶೆಡ್ಡಿನ ಕಡೆ ತಿರುಗುವವರೆಗೆ ತಾಯಿ ಬಾಗಿಲಲ್ಲಿ ನಿಂತಿರುತ್ತಾರೆ.

ಮತ್ತೆ ಕರೆದರೆ ಎಲ್ಲಿ ಎಣಿಸಬೇಕೆಂದು ಆಸೆ ಎಂದು ಕೇಳಿದರೆ ಮಾಸುಮಾಬಿ ಯೋಚಿಸುವುದಿಲ್ಲ.

"ಇಲ್ಲೇ. ಬ್ರಿಡ್ಜ್ ಆದ ಮ್ಯಾಲೆ ಒಂದಿನ ಇಲ್ಲೇ ಕುಂದ್ರಬೇಕು. ಮ್ಯಾಲೆ ಹೋಗೋರನ್ನ ಬ್ಯಾರೆ ಯಾರರ ಎಣಿಸ್ಲಿ, ನನಗ ಹಳಿ ಮ್ಯಾಲೆ ದಾಟೋರ ಹಾಳಿ ಕೊಡ್ರಿ. ಮುಂಜಾನಿ ಆರರಿಂದ ಸಂಜಿ ಆರರ ತನಕ ಕುಂತು, ನಲವತ್ತೆಂಟು ಸಾಲಿಗೂ ಸೊನ್ನಿ ಬರದು ಸಹಿ ಹಾಕಬೇಕು. ಅಷ್ಟಾದ್ರ ಸಾಕ್ರಿ ನನಗ."